ಮಕ್ಕಳು ಕಟ್ಟುವ ಶುಲ್ಕದಲ್ಲಿ ಅವರದೇ ಸಂಘದ ಪಾಲು

ಪೆಂಡಲ್ ಹಿಲ್ (ಸಿಡ್ನಿ): ಆಸ್ಟ್ರೇಲಿಯಾಕ್ಕೆ ಮಕ್ಕಳನ್ನು ಓದಲು ಕಳಿಸಿದ ಮನೆಯವರು ಸಾಮಾನ್ಯವಾಗಿ ಬೋಧನಾ ಶುಲ್ಕದ ಲೆಕ್ಕವನ್ನಷ್ಟೇ ನೋಡುತ್ತಾರೆ. ಅದರ ಜೊತೆಗೆ ವಿದ್ಯಾರ್ಥಿ ಸೇವಾ ಮತ್ತು ಸೌಲಭ್ಯ ಶುಲ್ಕವೆಂಬ ಇನ್ನೊಂದು ಬಾಬ್ತಿದೆ. 2025ರಲ್ಲಿ ಇದರ ಗರಿಷ್ಠ ಮಿತಿ ವರ್ಷಕ್ಕೆ 365 ಡಾಲರ್, ಅಂದರೆ ಸುಮಾರು 20 ಸಾವಿರ ರೂಪಾಯಿ. ಇಲ್ಲಿನ ಪ್ರಜೆಗಳು ಇದನ್ನು ಸರ್ಕಾರಿ ಸಾಲಕ್ಕೆ ಸೇರಿಸಿಕೊಳ್ಳಬಹುದು. ವೀಸಾ ಮೇಲೆ ಬಂದ ನಮ್ಮ ಮಕ್ಕಳಿಗೆ ಆ ಅನುಕೂಲವಿಲ್ಲ. ಕೆಲವೆಡೆ ಅದು ಬೋಧನಾ ಶುಲ್ಕದಲ್ಲೇ ಸೇರಿರುತ್ತದೆ.

ಈ ಹಣ ಯಾರ ಕೈಗೆ ಹೋಗಬೇಕು ಎಂಬುದು ಇಲ್ಲಿ ಹಳೆಯ ಜಗಳ. ಜಾನ್ ಹೋವರ್ಡ್ ಸರ್ಕಾರ 2005ರಲ್ಲಿ ಕಾನೂನು ತಂದು, ಮರುವರ್ಷದಿಂದ ಕಡ್ಡಾಯ ಸಂಘ ಶುಲ್ಕವನ್ನು ನಿಲ್ಲಿಸಿತು. ಆದಾಯವಿಲ್ಲದೆ ವಿದ್ಯಾರ್ಥಿ ಸಂಘಗಳು ಸೊರಗಿದವು. 2011ರ ಕಾನೂನಿನಿಂದ ಶುಲ್ಕ ಮರಳಿತಾದರೂ ಹಂಚಿಕೆ ವಿಶ್ವವಿದ್ಯಾಲಯಗಳ ಕೈಯಲ್ಲೇ ಉಳಿಯಿತು. 2025ರ ಜನವರಿ 1ರಿಂದ ಕನಿಷ್ಠ ಶೇ. 40ರಷ್ಟು ಪಾಲು ವಿದ್ಯಾರ್ಥಿಗಳೇ ನಡೆಸುವ ಸಂಘಗಳಿಗೆ ಸಲ್ಲಬೇಕು. 365 ಡಾಲರಿನಲ್ಲಿ ಅದು 146 ಡಾಲರ್. ಬದಲಾವಣೆಗೆ ಮೂರು ವರ್ಷದವರೆಗೆ ಕಾಲಾವಕಾಶ ಕೇಳಲು ವಿಶ್ವವಿದ್ಯಾಲಯಗಳಿಗೆ ಅವಕಾಶವಿರುವುದರಿಂದ ಎಲ್ಲೆಡೆ ಒಮ್ಮೆಲೇ ಫಲ ಕಾಣದು.

ಕರ್ನಾಟಕದ ಕಾಲೇಜುಗಳಲ್ಲಿ 1990ರ ಸುಮಾರಿಗೇ ವಿದ್ಯಾರ್ಥಿ ಸಂಘದ ಚುನಾವಣೆಗಳು ನಿಂತವು. ಹಾಗಾಗಿ ಸಂಘವೆಂದರೆ ಗಲಾಟೆ, ಪಕ್ಷ ರಾಜಕೀಯ ಎಂದೇ ನಮ್ಮ ಮನೆಗಳಲ್ಲಿ ಎಣಿಕೆ. ಇಲ್ಲಿಯೂ ರಾಜಕೀಯ ಇಲ್ಲದಿಲ್ಲ. ಆದರೆ ಈ ಶುಲ್ಕವನ್ನು ರಾಜಕೀಯ ಪಕ್ಷಕ್ಕೆ ಖರ್ಚು ಮಾಡುವಂತಿಲ್ಲ. ಸಂಘಗಳ ದಿನನಿತ್ಯದ ಕೆಲಸವೂ ಬೇರೆ. ಸಿಡ್ನಿ ವಿಶ್ವವಿದ್ಯಾಲಯದಲ್ಲಿ ಸ್ನಾತಕೋತ್ತರ ವಿದ್ಯಾರ್ಥಿಗಳ ಸಂಘವಾದ 'ಸುಪ್ರಾ' ಉಚಿತ ಸಲಹೆ, ಕಾನೂನು ನೆರವು ಒದಗಿಸುತ್ತದೆ. ಮೆಲ್ಬರ್ನ್ ವಿಶ್ವವಿದ್ಯಾಲಯದ ಸಂಘದಲ್ಲೂ ಇಂಥ ನೆರವಿದೆ.

ಇದರ ಬೆಲೆ ತಿಳಿಯುವುದು ಕಷ್ಟ ಬಂದಾಗ. ನಕಲು ಮಾಡಿದ ಆರೋಪವೋ, ಸತತ ಅನುತ್ತೀರ್ಣತೆಯೋ ಬಂದರೆ ವಿಶ್ವವಿದ್ಯಾಲಯ ವಿವರಣೆ ಕೇಳಿ ಪತ್ರ ಕಳಿಸುತ್ತದೆ. ಪ್ರವೇಶ ರದ್ದಾದರೆ ವೀಸಾಕ್ಕೇ ಕುತ್ತು. ಊರಿನಲ್ಲಿ ಬ್ಯಾಂಕಿನ ಸಾಲ ಹಾಗೇ ಉಳಿಯುತ್ತದೆ. ಹೆದರಿದ ಮಕ್ಕಳು ಮನೆಗೂ ಹೇಳದೆ ಏಜೆಂಟರಿಗೆ ಮತ್ತೆ ದುಡ್ಡು ಕೊಡುವುದನ್ನು ನಾವು ಕಂಡಿದ್ದೇವೆ. ಉತ್ತರ ಬರೆಯಲು ನೆರವಾಗುವವರಿಗೆ ಅವರು ಶುಲ್ಕದಲ್ಲಿ ಆಗಲೇ ಹಣ ಕಟ್ಟಿರುತ್ತಾರೆ! ವಿಶ್ವವಿದ್ಯಾಲಯದ ನಡವಳಿಕೆಯ ಮೇಲೆಯೇ ದೂರಿದ್ದರೆ 2025ರ ಫೆಬ್ರವರಿಯಿಂದ ರಾಷ್ಟ್ರೀಯ ವಿದ್ಯಾರ್ಥಿ ಒಂಬುಡ್ಸ್‌ಮನ್ ಕಚೇರಿಯೂ ಇದೆ, ಅಲ್ಲಿಯೂ ಶುಲ್ಕವಿಲ್ಲ. ಅಂಕಗಳ ತಕರಾರನ್ನು ಮಾತ್ರ ಅದು ತೀರ್ಮಾನಿಸದು.

ಸಂಘಕ್ಕೆ ಹಣ ಹೆಚ್ಚಿದಂತೆ ಅದನ್ನು ನಡೆಸುವವರು ಯಾರೆಂಬುದೂ ಮುಖ್ಯವಾಗುತ್ತದೆ. ವೀಸಾ ವಿದ್ಯಾರ್ಥಿಗಳೂ ಮತ ಹಾಕಬಹುದು, ಸ್ಪರ್ಧಿಸಬಹುದು. ಮುಂದಿನ ಸಲ ಫೋನ್ ಮಾಡಿದಾಗ ಊಟ, ಚಳಿ ವಿಚಾರಿಸಿದ ಮೇಲೆ ಇದನ್ನೂ ಕೇಳಿ: ನಿನ್ನ ಸಂಘದ ಕಚೇರಿ ಎಲ್ಲಿದೆ, ಚುನಾವಣೆ ಯಾವಾಗ?