ಗಾಣ ಕೊಳ್ಳುವ ಮುನ್ನ ಕಾಳು ನೋಡಿ



ಸೋಯಾ ಅವರೆಯಿಂದ ಅಡುಗೆ ಎಣ್ಣೆ, ಜೈವಿಕ ಡೀಸೆಲ್ ಎರಡನ್ನೂ ಒಂದೇ ಯಂತ್ರದಲ್ಲಿ ತೆಗೆಯಬಹುದೆಂದು ಯಾರಾದರೂ ಹೇಳಿದರೆ ಕೂಡಲೇ ಮುಂಗಡ ಕೊಡಬೇಡಿ. ದೊಡ್ಡಉಳ್ಳಾರ್ತಿಯ ಮಳೆಯಾಶ್ರಿತ ಹೊಲಕ್ಕೆ ಒಗ್ಗಿದ್ದು ಶೇಂಗಾ.

ಸೋಯಾದಲ್ಲಿ ಎಣ್ಣೆಯ ಅಂಶ ಶೇ. 18ರಿಂದ 20, ಶೇಂಗಾ ಬೀಜದಲ್ಲಿ ಶೇ. 45ರಿಂದ 50. ಎಕ್ಸ್‌ಪೆಲ್ಲರ್ ಎಷ್ಟೇ ಒತ್ತಿದರೂ ಹಿಂಡಿಯಲ್ಲಿ ಶೇ. 6–7 ಎಣ್ಣೆ ಉಳಿಯುತ್ತದೆ. ಹೀಗಾಗಿ ಸೋಯಾ ಎಣ್ಣೆಯಲ್ಲಿ ಕಾಲು ಭಾಗಕ್ಕೂ ಹೆಚ್ಚು ಹಿಂಡಿಯ ಪಾಲು. ದೊಡ್ಡ ಕಾರ್ಖಾನೆಗಳು ಅದನ್ನು ದ್ರಾವಕದಿಂದ ತೆಗೆಯುವುದು ಇದಕ್ಕಾಗಿಯೇ. ಸಣ್ಣ ಗಾಣಕ್ಕೆ ಶೇಂಗಾವೇ ಲೇಸು.

ಡೀಸೆಲಿಗೆ ಬದುವಿನ ಹೊಂಗೆ ಇದೆ. ಹಾಸನ ಬಳಿಯ ಮಡೆನೂರಿನಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯವು 2007ರಲ್ಲಿ ಆರಂಭಿಸಿದ ಜೈವಿಕ ಇಂಧನ ಉದ್ಯಾನವೂ ಹೊಂಗೆಯಂಥ ಮರಗಳನ್ನೇ ನೆಚ್ಚಿತು. ಆದರೆ ಹೊಂಗೆ ಅರೆದ ಗಾಣಕ್ಕೆ ಶೇಂಗಾ ಹಾಕಲೇಬೇಡಿ. ಆ ಕಹಿ ಎಣ್ಣೆ ಊಟಕ್ಕಲ್ಲ. ಅದರ ಹಿಂಡಿ ಗೊಬ್ಬರಕ್ಕೆ, ಶೇಂಗಾ ಹಿಂಡಿ ದನಕ್ಕೆ.

ಕೊನೆಯದಾಗಿ, ಯಂತ್ರದ ಅಶ್ವಶಕ್ತಿಗಿಂತ ಮೊದಲು ಅದು ವರ್ಷದಲ್ಲಿ ಎಷ್ಟು ದಿನ ತಿರುಗೀತೆಂದು ಲೆಕ್ಕ ಹಾಕಿ. ಎಣ್ಣೆಗೆ ಹೆಸರಾದ ಚಳ್ಳಕೆರೆಯಲ್ಲೇ ಎಷ್ಟೋ ಗಿರಣಿಗಳು ಬಾಗಿಲು ಹಾಕಿವೆ. ಮಳೆ ಕೈಕೊಟ್ಟರೂ ಸಾಲದ ಕಂತು ನಿಲ್ಲದು. ಒಬ್ಬರೇ ಸಾಲ ಹೊರುವ ಬದಲು ಹತ್ತು ಮನೆಯವರು ಕೂಡಿ ಒಂದು ಗಾಣ ಹಾಕುವುದೇ ಜಾಣತನ.