ಕಾಣದ ಕೈ, ಕಾಣಿಸದ ಕಡತ

ನಮ್ಮ ರಾಜ್ಯಭಾರದ ಭಾಷೆಯಲ್ಲಿ ‘ವಿದೇಶೀ ಕೈವಾಡ’ ಎಂಬಷ್ಟು ಅನುಕೂಲವಾದ ಮಾತು ಮತ್ತೊಂದಿಲ್ಲ. ಬಾಂಬು ಸಿಡಿದರೂ ಅದೇ, ಗಲಭೆಯೆದ್ದರೂ ಅದೇ. ಆ ಕೈ ಯಾರ ತೋಳಿನದೆಂದು ಕೇಳಿದಿರೋ, ‘ಕಡತ ರಹಸ್ಯ’ ಎಂಬ ಉತ್ತರ ಸಿದ್ಧವಾಗಿರುತ್ತದೆ. ಕೈಯೂ ಕಾಣದು, ಕಡತವೂ ಕಾಣದು. ನಂಬುವ ಕೆಲಸವೊಂದು ಮಾತ್ರ ಪ್ರಜೆಗಳದು.

ಚಾಮರಾಜನಗರ, ಗುಂಡ್ಲುಪೇಟೆಗಳ ಕಡೆಯವರಿಗೆ ಇದು ದೂರದ ದೆಹಲಿಯ ಸುದ್ದಿಯಲ್ಲ. 2000ದ ಜುಲೈ 30ರ ರಾತ್ರಿ, ಚಾಮರಾಜನಗರದ ನೆರೆಯಲ್ಲೇ ತಮಿಳುನಾಡಿನ ಗಡಿಯೊಳಗಿರುವ ಗಾಜನೂರಿನ ಮನೆಯಿಂದ ರಾಜಕುಮಾರ್ ಅವರನ್ನು ವೀರಪ್ಪನ್ ಕಾಡಿಗೆ ಎಳೆದೊಯ್ದ. ನೂರೆಂಟು ದಿನ ಎರಡು ಸರ್ಕಾರಗಳು ಅವನ ಬಾಗಿಲು ಕಾದವು. ದಂತ, ಗಂಧ ಕದಿಯುತ್ತಿದ್ದವನು ಈಗ ಕಾವೇರಿಯ ಮಾತಾಡಿದ, ತಮಿಳಿನ ಸ್ಥಾನಮಾನದ ಮಾತಾಡಿದ, ತಮಿಳು ಉಗ್ರ ಗುಂಪುಗಳ ಬಂದಿಗಳನ್ನೂ ಮೈಸೂರಿನ ಟಾಡಾ ಬಂದಿಗಳನ್ನೂ ಬಿಡಿ ಎಂದ. ಈ ಪಾಠವನ್ನು ಅವನಿಗೆ ಹೇಳಿಕೊಟ್ಟವರು ಯಾರು? ಕಡಲಾಚೆಯ ಎಲ್‌ಟಿಟಿಇ ಎಂದು ಊರೆಲ್ಲ ಮಾತಾಯಿತು. ಬಂದಿಗಳ ಮೇಲಿನ ಟಾಡಾ ಆರೋಪ ಹಿಂತೆಗೆಯಲು ಹೊರಟ ಸರ್ಕಾರವನ್ನು ಸುಪ್ರೀಂ ಕೋರ್ಟು ಅದೇ ನವೆಂಬರಿನಲ್ಲಿ ತಡೆದಾಗ, ಪ್ರತ್ಯೇಕತಾವಾದಿ ಗುಂಪುಗಳ ನಂಟಿನ ವಿಚಾರ ಆ ತೀರ್ಪಿನಲ್ಲೂ ಬಂತು.

ಆಮೇಲೆ ಸಾಬೀತಾದುದೇನು? 2004ರಲ್ಲಿ ವೀರಪ್ಪನ್ ಸತ್ತ. 2009ರಲ್ಲಿ ಎಲ್‌ಟಿಟಿಇ ನೆಲಕಚ್ಚಿತು. 2018ರಲ್ಲಿ ಗೋಬಿಚೆಟ್ಟಿಪಾಳ್ಯದ ನ್ಯಾಯಾಲಯ ಅಪಹರಣದ ಮೊಕದ್ದಮೆಯಲ್ಲಿ ವಿಚಾರಣೆ ಎದುರಿಸಿದ್ದ ಆರೋಪಿಗಳನ್ನು ಖುಲಾಸೆ ಮಾಡಿತು. ಹಣ ಸಂದಾಯವಾಯಿತೆಂದು ಅಂದಿನ ಪೊಲೀಸ್ ಮಹಾನಿರ್ದೇಶಕ ಸಿ. ದಿನಕರ್ ಪುಸ್ತಕವನ್ನೇ ಬರೆದರು, ಸರ್ಕಾರ ಇಲ್ಲವೆಂದಿತು. ಕಾಲು ಶತಮಾನ ದಾಟಿತು. ಹೆದರಬೇಕಾದವರೆಲ್ಲ ಹೋದರು, ಹೆದರುತ್ತ ಉಳಿದಿರುವುದು ಕಡತವೊಂದೇ!

‘ದೇಶದ ಭದ್ರತೆ’ ಎನ್ನುವರು. ಒಳ್ಳೆಯದು, ಅಮೆರಿಕವನ್ನು ನೋಡೋಣ. 2001ರ ಸೆಪ್ಟೆಂಬರ್ 11ರ ವಿಮಾನ ಅಪಹರಣಕಾರರು 19 ಮಂದಿ. ಅವರಲ್ಲಿ 15 ಮಂದಿ ಸೌದಿಯವರು. ಸೌದಿ ಸರ್ಕಾರದ ಕೈ ಇತ್ತೇ ಎಂಬ ಪ್ರಶ್ನೆ ಕುರಿತ 28 ಪುಟಗಳನ್ನು ಅಲ್ಲಿನ ಸಂಸತ್ತಿನ ವಿಚಾರಣಾ ವರದಿಯಿಂದ ಕತ್ತರಿಸಿ ಬಚ್ಚಿಟ್ಟರು. ಸತ್ತವರ ಮನೆಯವರು ಪಟ್ಟು ಬಿಡಲಿಲ್ಲ. 2016ರ ಜುಲೈಯಲ್ಲಿ ಆ ಪುಟಗಳು ಹೊರಬಂದವು. 2021ರಲ್ಲಿ ಎಫ್‌ಬಿಐಯ ಕಾಗದಗಳೂ ಬಂದವು. ಭೂಮಿ ಬಾಯಿಬಿಡಲಿಲ್ಲ. ಕೆಲವು ಸಂಶಯಗಳಿಗೆ ಆಧಾರ ಸಿಕ್ಕಿತು. ಸೌದಿ ಸರ್ಕಾರವೇ ಮಾಡಿಸಿತೆಂಬುದು ಆ ಕಾಗದಗಳಿಂದ ಸಿದ್ಧವಾಗಲಿಲ್ಲ. ಕಾಗದದ ಗುಣವೇ ಅದು: ಸಂಶಯಕ್ಕೆ ಆಧಾರ ಕೊಡುವುದೂ ಅದೇ, ಮೇರೆ ಹಾಕುವುದೂ ಅದೇ. ಬಚ್ಚಿಟ್ಟ ಕಾಗದಕ್ಕೆ ಮಾತ್ರ ಮೇರೆಯೇ ಇಲ್ಲ.

ಮೇರೆಯಿಲ್ಲದ ಸಂಶಯದ ಬೆಲೆಯನ್ನು ತೆತ್ತವರು ಯಾರು? ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಕಥೆ ನಮ್ಮ ಗಡಿಯ ಹಳ್ಳಿಗಳದು. ವೀರಪ್ಪನ್ ಸಹಚರರೆಂದು ಟಾಡಾ ಅಡಿಯಲ್ಲಿ ವರ್ಷಗಟ್ಟಲೆ ಸೆರೆಯಲ್ಲಿ ಕೊಳೆತವರಲ್ಲಿ ನೂರಕ್ಕೂ ಹೆಚ್ಚು ಮಂದಿಯನ್ನು ಮೈಸೂರಿನ ನ್ಯಾಯಾಲಯ 2001ರಲ್ಲಿ ಬಿಡುಗಡೆ ಮಾಡಿತು. ಕಾರ್ಯಪಡೆಯ ಅತಿರೇಕಗಳನ್ನು ನ್ಯಾಯಮೂರ್ತಿ ಸದಾಶಿವ ಸಮಿತಿ ವಿಚಾರಿಸಿದ ಮೇಲೆ, 2007ರಲ್ಲಿ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 89 ಮಂದಿಗೆ 2.80 ಕೋಟಿ ರೂಪಾಯಿ ಪರಿಹಾರ ಕೊಡಬೇಕೆಂದಿತು. ಗುಂಡ್ಲುಪೇಟೆಯ ತರಕಾರಿ ಕೇರಳಕ್ಕೆ ಹೋಗುವ, ಮನೆಯಲ್ಲೊಂದು ಸಂತೆಯಲ್ಲೊಂದು ಭಾಷೆಯಾಡುವ ಈ ಸೀಮೆಯಲ್ಲಿ, ನೆರೆಯವನ ನುಡಿಯನ್ನೇ ಅವನ ಅಪರಾಧವೆಂದು ಎಣಿಸುವಂತೆ ಮಾಡುವುದು ಇಂಥ ಗಾಳಿಮಾತೇ ಅಲ್ಲವೆ?

ಇನ್ನೊಂದು ಮಾತು. ಎಂಬತ್ತರ ದಶಕದಲ್ಲಿ ಶ್ರೀಲಂಕಾದ ತಮಿಳು ಉಗ್ರರಿಗೆ ಶಸ್ತ್ರ, ತರಬೇತಿ ಕೊಟ್ಟದ್ದು ನಮ್ಮದೇ ದೇಶ. ಜೈನ್ ಆಯೋಗದ ಮಧ್ಯಂತರ ವರದಿ 1997ರಲ್ಲಿ ಸಂಸತ್ತಿನ ಮುಂದೆ ಬಂದು ಆ ಚರಿತ್ರೆಯನ್ನು ಬಿಚ್ಚಿಟ್ಟಿತು. ಎಂದರೆ ಕೊಲಂಬೋದವರು ‘ವಿದೇಶೀ ಕೈ’ ಎಂದಾಗ ಆ ಕೈ ನಮ್ಮದಾಗಿತ್ತು. ನಾವು ನೆಟ್ಟದ್ದರ ಬೀಳಲು ನಮ್ಮ ಕಾಡಿಗೇ ಇಳಿಯಿತೋ ಇಲ್ಲವೋ ಎಂಬುದನ್ನು ಕೇಳುವ ಹಕ್ಕು ಚಾಮರಾಜನಗರದವನಿಗಿಲ್ಲವೆ?

ಗುಟ್ಟೇ ಬೇಡವೆಂದು ಯಾರೂ ಹೇಳುತ್ತಿಲ್ಲ. ಸುದ್ದಿ ತಂದುಕೊಟ್ಟವನ ಹೆಸರನ್ನು ಮಸಿಯಿಂದ ಅಳಿಸಲಿ, ಅವನ ಪ್ರಾಣ ದೊಡ್ಡದು. ಆದರೆ 2005ರ ಮಾಹಿತಿ ಹಕ್ಕು ಕಾಯಿದೆ ಏನನ್ನುತ್ತದೆ? ಇಪ್ಪತ್ತು ವರ್ಷ ದಾಟಿದ ಘಟನೆಯ ಮಾಹಿತಿಯನ್ನು, ದೇಶದ ಭದ್ರತೆ, ಶಾಸನಸಭೆಯ ಹಕ್ಕುಬಾಧ್ಯತೆ, ಮಂತ್ರಿಮಂಡಲದ ಕಾಗದ ಈ ಮೂರರ ಹೊರತು, ಕೊಡತಕ್ಕದ್ದೆನ್ನುತ್ತದೆ. ಗುಪ್ತಚರ ಸಂಸ್ಥೆಗಳಿಗೆ ವಿನಾಯಿತಿ ಇದ್ದರೂ, ಭ್ರಷ್ಟಾಚಾರ ಮತ್ತು ಮಾನವ ಹಕ್ಕುಗಳ ಉಲ್ಲಂಘನೆಯ ಆರೋಪಗಳಿಗೆ ಆ ವಿನಾಯಿತಿ ಸಲ್ಲದೆನ್ನುತ್ತದೆ. ಹಣ ಸಂದಾಯವಾಯಿತೆಂಬುದು ಯಾವ ಬಗೆಯ ಆರೋಪ? ಹಳ್ಳಿಗರಿಗೆ ಬಿದ್ದ ಪೆಟ್ಟು ಯಾವ ಬಗೆಯದು? ಇವೂ ದೇಶದ ಗುಟ್ಟುಗಳಾದರೆ ಕಾಯಿದೆ ಮಾಡಿದ್ದಾದರೂ ಯಾತಕ್ಕೆ?

ಆದ್ದರಿಂದ ಬೆಂಗಳೂರು, ಚೆನ್ನೈ, ದೆಹಲಿಗಳು 2000ದ ಆ ನೂರೆಂಟು ದಿನಗಳ ಕಡತಗಳನ್ನು ಬಿಚ್ಚಲಿ. ಹೊರಗಿನ ಕೈ ಇತ್ತೋ, ತೋರಿಸಲಿ. ಇರಲಿಲ್ಲವೋ, ಆ ಮಾತನ್ನು ಇನ್ನು ಆಡದಿರಲಿ. ಎರಡೂ ಆಗದೆಂದರೆ, ಕುಂಬಳಕಾಯಿ ಕಳ್ಳನೆಂದಾಗ ಹೆಗಲು ಮುಟ್ಟಿ ನೋಡಿಕೊಂಡವರು ಯಾರೆಂಬುದನ್ನು ಪ್ರಜೆಗಳೇ ತಿಳಿದುಕೊಳ್ಳುತ್ತಾರೆ.