ಕಿರುಬೆರಳಿನ ಪಾಲು

ಗದಗ ಜಿಲ್ಲೆಯ ಲಕ್ಕಲಕಟ್ಟಿಯಲ್ಲಾಗಲಿ ಗಜೇಂದ್ರಗಡದಲ್ಲಾಗಲಿ, ಭಜನೆಗೆ ಕೂತ ಪೇಟಿ ಮಾಸ್ತರರ ಎಡಗೈಗೆ ಸ್ವರದ ಪಾಲು ಇಲ್ಲ. ಪೆಟ್ಟಿಗೆಯ ಹಿಂದಿನ ತಿದಿಯನ್ನು ಎಳೆದು, ಒತ್ತಿ, ಗಾಳಿ ತುಂಬುವುದರಲ್ಲೇ ಅದರ ರಾತ್ರಿ ಕಳೆಯುತ್ತದೆ. ಕರಿ ಬಿಳಿ ಮನೆಗಳ ಮೇಲೆ ಓಡಾಡುವುದು ಬಲಗೈ ಒಂದೇ. ಆದರೆ ಹಾರ್ಮೋನಿಯಂ ಹುಟ್ಟಿದ್ದು ಹೀಗಲ್ಲ. ಪ್ಯಾರಿಸ್ಸಿನ ಅಲೆಕ್ಸಾಂಡ್ರ್ ದೆಬೆಯ್ನ್ 1840ರ ದಶಕದ ಆರಂಭದಲ್ಲಿ ಪೇಟೆಂಟ್ ಪಡೆದ ವಾದ್ಯ ಮೇಜಿನೆತ್ತರದ್ದು. ಕುರ್ಚಿಯ ಮೇಲೆ ಕೂತು, ಕಾಲಿನಿಂದ ತಿದಿ ತುಳಿಯುತ್ತ, ಎರಡೂ ಕೈಗಳಿಂದ ನುಡಿಸಬೇಕಿತ್ತು. ಚಕ್ಕಳಮಕ್ಕಳ ಹಾಕಿ ನೆಲದ ಮೇಲೆ ಕೂರುವ ಗಾಯಕರ ನಾಡಿಗೆ ಅದು ಒಗ್ಗಲಿಲ್ಲ. 1875ರ ಸುಮಾರಿಗೆ ಕಲ್ಕತ್ತಾದ ದ್ವಾರಕಾನಾಥ ಘೋಷ್ ವಾದ್ಯದ ಕಾಲುಗಳನ್ನೇ ತೆಗೆದುಹಾಕಿ, ತಿದಿಯನ್ನು ಪೆಟ್ಟಿಗೆಯ ಬೆನ್ನಿಗೆ ಕೂರಿಸಿದ ಕೈಪೇಟಿ ತಯಾರಿಸಿದರು.

ಕೂರುವುದು ಸುಖವಾಯಿತು. ಅದಕ್ಕೆ ತೆತ್ತ ಬೆಲೆ ಒಂದು ಕೈ. ಎರಡು ಕೈಗಳಿಂದ ಸ್ವರಗಳನ್ನು ಗುಂಪಾಗಿ ಒತ್ತುವ ಯುರೋಪಿನ ಪದ್ಧತಿ ಕೈಬಿಟ್ಟುಹೋಯಿತು. ಒಂದೇ ಎಳೆಯಾಗಿ ಹಾಡುಗಾರನ ಬೆನ್ನು ಹತ್ತುವ ನುಡಿಸಾಣಿಕೆ ಬಂತು. ನಮ್ಮ ಸಂಗೀತಕ್ಕೆ ಬೇಕಾದದ್ದೂ ಅದೇ ಆಗಿತ್ತಾದ್ದರಿಂದ ಕಳೆದುಕೊಂಡದ್ದಕ್ಕಾಗಿ ಯಾರೂ ಹಳಹಳಿಸಲಿಲ್ಲ. ನಾಟಕ ಕಂಪನಿಗಳು ಮಾತ್ರ ಕಾಲಿನ ಪೇಟಿಯನ್ನು ಬಿಡಲಿಲ್ಲ. ಗದುಗಿನ ಗರುಡ ಸದಾಶಿವರಾಯರ ಕಾಲದಿಂದ ಈಚಿನವರೆಗೂ ವೃತ್ತಿರಂಗಭೂಮಿಯಲ್ಲಿ ಲೆಗ್ ಹಾರ್ಮೋನಿಯಂ ನುಡಿಸುವ ಮಾಸ್ತರರಿಗೆ ಬೇರೆಯದೇ ಗತ್ತು. ಮೈಕಿಲ್ಲದ ಥೇಟರಿನಲ್ಲಿ ಕೊನೆಯ ಸಾಲಿಗೂ ಕೇಳಿಸಬೇಕು, ನಟನ ಪದಕ್ಕೆ ತುಂಬು ನಾದ ಕೊಡಬೇಕು, ಕೈ ಎರಡೂ ಬಿಡುವಾಗಿರಬೇಕು. ಹಾಗಾಗಿ ತುಳಿಯುವ ಕೆಲಸ ಕಾಲಿಗೇ ಉಳಿಯಿತು.

ದೇಹದ ಯಾವ ಅಂಗಕ್ಕೆ ಯಾವ ಕೆಲಸ ಎಂಬ ಈ ಹಂಚಿಕೆ ವಾದ್ಯ ಮಾಡುವವನ ಮೊದಲ ತೀರ್ಮಾನ. ಕೇಳುವವರಿಗೆ ಅದು ಕಾಣುವುದಿಲ್ಲ. ನುಡಿಸುವವರಿಗೂ ಮಣಿಕಟ್ಟು ನೋಯುವ ತನಕ ಹೊಳೆಯುವುದಿಲ್ಲ. ಇದನ್ನು ಎಲ್ಲಕ್ಕಿಂತ ಹೆಚ್ಚಾಗಿ ಬಿಚ್ಚಿ ತೋರಿಸುವ ವಾದ್ಯವೆಂದರೆ ಜಾತ್ರೆಯ ರಸಮಂಜರಿ ವೇದಿಕೆಯಲ್ಲಿ ಕೀಬೋರ್ಡಿನ ಪಕ್ಕ ಪಟ್ಟಿಯಿಂದ ಜೋತುಬಿದ್ದಿರುವ ಎಲೆಕ್ಟ್ರಿಕ್ ಗಿಟಾರು.

ಗಿಟಾರಿನ ಎಡಗೈ ತಂತಿ ಒತ್ತುತ್ತದೆ, ಬಲಗೈ ಮೀಟುತ್ತದೆ. ಎರಡೂ ಕೈ ತುಂಬಿವೆ. ಮರದ ಪೆಟ್ಟಿಗೆಯ ಗಿಟಾರಿಗೆ ಅಷ್ಟು ಸಾಕು. ವಿದ್ಯುತ್ತು ಬಂದಾಗ ಮೂರನೆಯ ಕೆಲಸವೊಂದು ಹುಟ್ಟಿತು: ದನಿ ಏರಿಸು, ಇಳಿಸು, ಚೂಪು ಮಾಡು, ಮಂದ ಮಾಡು, ತಂತಿಯ ಕಂಪನ ಹಿಡಿಯುವ ಈ ಪಿಕಪ್ಪಿನಿಂದ ಆ ಪಿಕಪ್ಪಿಗೆ ಹಾರು. ಇದಕ್ಕೆ ಮೂರನೆಯ ಕೈ ಎಲ್ಲಿಂದ ತರುವುದು? ಇದ್ದುದರಲ್ಲಿ ಅರೆಬಿಡುವಾಗಿದ್ದದ್ದು ಬಲಗೈಯ ಕಿರುಬೆರಳು.

ಕ್ಯಾಲಿಫೋರ್ನಿಯಾದ ಫುಲರ್ಟನ್ ಊರಿನ ಲಿಯೋ ಫೆಂಡರ್ ರೇಡಿಯೋ ರಿಪೇರಿಯವರು. ಗಿಟಾರ್ ಲೋಕವನ್ನೇ ತಿರುಗಿಸಿದ ಈ ಮನುಷ್ಯನಿಗೆ ಗಿಟಾರ್ ನುಡಿಸಲು ಬರುತ್ತಿರಲಿಲ್ಲ. ಬಹುಶಃ ಅದೇ ಒಳ್ಳೆಯದಾಯಿತು, ಬಾರದವರು ಕೇಳಿಸಿಕೊಳ್ಳುತ್ತಾರೆ. ಅವರ ಮೊದಲ ಯಶಸ್ವಿ ಗಿಟಾರು ಟೆಲಿಕಾಸ್ಟರ್ ಹಲಗೆಯಂತೆ ಚಪ್ಪಟೆ. ಅದರ ಅಂಚು ಪಕ್ಕೆಲುಬಿಗೆ ಒತ್ತುತ್ತದೆಂದು ಬಿಲ್ ಕಾರ್ಸನ್, ರೆಕ್ಸ್ ಗ್ಯಾಲಿಯನ್‌ರಂಥ ವಾದಕರು ದೂರಿದರು. ಸ್ಟೀಲ್ ಗಿಟಾರ್ ವಾದಕ ಫ್ರೆಡ್ಡಿ ತವಾರೆಸ್ ಹೊಸ ಆಕಾರ ಬರೆದುಕೊಟ್ಟರು. 1954ರಲ್ಲಿ ಬಂದ ಸ್ಟ್ರಾಟೋಕಾಸ್ಟರಿನ ಬೆನ್ನಿನಲ್ಲಿ ಹೊಟ್ಟೆಗೆಂದು ಒಂದು ತಗ್ಗು, ಮುಂದೆ ಮೊಣಕೈ ಇಡಲು ಒಂದು ಇಳಿಜಾರು. ಇದರ ಜೊತೆಗೆ ಆದ ಇನ್ನೊಂದು ಬದಲಾವಣೆಯ ಬಗ್ಗೆ ಎಪ್ಪತ್ತು ವರ್ಷ ಕಳೆದರೂ ಜಗಳ ನಿಂತಿಲ್ಲ. ವಾಲ್ಯೂಮ್ ನಾಬು ತಂತಿಗಳಿಗೆ ತೀರ ಹತ್ತಿರ, ಬ್ರಿಜ್ಜಿನ ಪಕ್ಕದಲ್ಲೇ ಬಂದು ಕೂತಿತು. ಮೀಟುವ ಕೈ ಜಾಗ ಬಿಡದೆ ಕಿರುಬೆರಳು ಚಾಚಿದರೆ ಅದು ಸಿಗುತ್ತದೆ.

ಸಿಕ್ಕರೆ ಏನಾಗುತ್ತದೆ? ನಾಬನ್ನು ಸೊನ್ನೆಗೆ ಇಳಿಸಿ ತಂತಿ ಮೀಟಿ, ಸದ್ದು ಸಾಯುವ ಮೊದಲೇ ಕಿರುಬೆರಳಿನಿಂದ ನಾಬು ತಿರುವಿದರೆ ಮೀಟಿನ ‘ಟಣ್’ ಮಾಯವಾಗಿ, ಸ್ವರ ಎಲ್ಲಿಂದಲೋ ಉಬ್ಬಿ ಬಂದಂತೆ ಕೇಳುತ್ತದೆ. ಮೀಟುವ ವಾದ್ಯ ಕಮಾನಿನ ವಾದ್ಯದ ನಡೆ ಕಲಿಯುತ್ತದೆ. ಎಡ್ಡಿ ವ್ಯಾನ್ ಹೇಲನ್ 1982ರ ‘ಕ್ಯಾಥೆಡ್ರಲ್’ ಎಂಬ ಪುಟ್ಟ ತುಣುಕನ್ನು ಇಡಿಯಾಗಿ ಈ ಕೌಶಲದ ಮೇಲೆ ಕಟ್ಟಿದರು. ಅವರು ತಾವೇ ಜೋಡಿಸಿಕೊಂಡ ಗಿಟಾರಿನಲ್ಲಿದ್ದದ್ದು ಒಂದೇ ನಾಬು. ಕೆಲಸ ವಾಲ್ಯೂಮಿನದು, ಅದರ ಮೇಲೆ ಅಚ್ಚಾಗಿದ್ದದ್ದು ‘ಟೋನ್’ ಎಂದು. ಇಂಗ್ಲೆಂಡಿನ ಜೆಫ್ ಬೆಕ್ ಪಿಕ್ಕನ್ನೇ ಬಿಟ್ಟು ಬೆರಳಿನಿಂದ ಮೀಟುತ್ತ, ಕಿರುಬೆರಳನ್ನು ವಾಲ್ಯೂಮಿನ ಮೇಲಿಟ್ಟು, ತಂತಿ ಅಲುಗಿಸುವ ಸರಳನ್ನು ಅದೇ ಅಂಗೈಯಲ್ಲಿ ಹಿಡಿದು, ಗಿಟಾರನ್ನು ಹೆಚ್ಚುಕಡಿಮೆ ಮನುಷ್ಯ ಕಂಠಕ್ಕೆ ತಂದು ನಿಲ್ಲಿಸಿದರು. ನಾಬು ನಾಲ್ಕು ಬೆರಳು ದೂರ ಇದ್ದಿದ್ದರೆ ಆ ಶೈಲಿ ಹುಟ್ಟುವುದು ಕಷ್ಟವಿತ್ತು.

ಕಿರುಬೆರಳಿಗೆ ಕೆಲಸ ಕೊಟ್ಟವರಲ್ಲಿ ಫೆಂಡರ್ ಮೊದಲಿಗರೇನಲ್ಲ. ಶೇಷಣ್ಣ, ದೊರೆಸ್ವಾಮಿ ಅಯ್ಯಂಗಾರರು ನುಡಿಸಿದ ವೀಣೆಯಲ್ಲಿ ಮೆಟ್ಟಿಲ ಮೇಲೆ ನಾಲ್ಕು ತಂತಿ, ದಂಡಿಯ ಬದಿಯಲ್ಲಿ ತಾಳಕ್ಕೆಂದೇ ಮೂರು ತಂತಿ. ತೋರುಬೆರಳು, ನಡುಬೆರಳು ರಾಗದ ತಂತಿ ಮೀಟುತ್ತಿರುವಾಗ ತಾಳದ ತಂತಿಯನ್ನು ತಟ್ಟುವುದು ಕಿರುಬೆರಳು. ಆ ತಂತಿಗಳನ್ನು ಬದಿಗೆ ತಂದಿರಿಸಿದ ಕುಶಲಕರ್ಮಿ ಕೈಯ ಅಳತೆ ಬಲ್ಲವನು.

ಆದರೆ ಸ್ಟ್ರಾಟೋಕಾಸ್ಟರಿನ ನಾಬು ಹತ್ತಿರವಿದ್ದದ್ದೇ ಕೆಲವರಿಗೆ ಶಾಪ. ಜೋರಾಗಿ ತಾಳ ಹಾಕಿ ಬಾರಿಸುವವರ ಕೈ ಕೆಳಗಿಳಿಯುವಾಗ ಆ ನಾಬಿಗೆ ತಾಗುತ್ತದೆ. ಹಾಡಿನ ನಡುವೆ ಸದ್ದು ತಾನಾಗಿ ಇಳಿದುಹೋಗುತ್ತದೆ. ‘ಮೈಕ್ ಸೆಟ್ಟಿನವನು ಏನೋ ಮಾಡಿದ’ ಎಂದು ವಾದಕ ಆ ಕಡೆ ಕಣ್ಣು ಕೆಂಪಗೆ ಮಾಡಿ ನೋಡುವುದೂ ಉಂಟು. 1980ರ ದಶಕದಲ್ಲಿ ವೇಗದ ವಾದಕರಿಗೆಂದು ಬಂದ ಅನೇಕ ಗಿಟಾರುಗಳಲ್ಲಿ ವಾಲ್ಯೂಮನ್ನು ತುಸು ಹಿಂದಕ್ಕೆ ಸರಿಸಿದ್ದು, ಒಂದು ಟೋನ್ ನಾಬನ್ನು ತೆಗೆದೇ ಹಾಕಿದ್ದು ಇಂಥ ಕಿರಿಕಿರಿಗೇ. ಟೆಲಿಕಾಸ್ಟರಿನದು ಇದರ ತಿರುಗುಮುರುಗು. ಅಲ್ಲಿ ಸ್ವಿಚ್ಚು, ವಾಲ್ಯೂಮ್, ಟೋನ್ ಮೂರೂ ಒಂದೇ ಲೋಹದ ತಟ್ಟೆಯ ಮೇಲೆ ಸಾಲಾಗಿವೆ, ಸ್ವಿಚ್ಚು ಮುಂದೆ. ಸ್ವಿಚ್ಚಿಗೆ ಕೈ ತಾಗುತ್ತದೆ ಎನ್ನುವವರು, ವಾಲ್ಯೂಮ್ ದೂರವಾಯಿತು ಎನ್ನುವವರು ತಟ್ಟೆಯ ಎರಡು ಸ್ಕ್ರೂ ಬಿಚ್ಚಿ ಅದನ್ನು ಹಿಂದುಮುಂದಾಗಿ ಕೂರಿಸಿಕೊಳ್ಳುತ್ತಾರೆ.

1952ರಲ್ಲಿ ಗಿಬ್ಸನ್ ಕಂಪನಿ ತಂದ ಲೆಸ್ ಪಾಲ್ ಗಿಟಾರಿನ ಲೆಕ್ಕಾಚಾರವೇ ಬೇರೆ. ಎರಡು ಪಿಕಪ್, ಪ್ರತಿಯೊಂದಕ್ಕೂ ತನ್ನ ವಾಲ್ಯೂಮ್, ತನ್ನ ಟೋನ್. ಒಟ್ಟು ನಾಲ್ಕು ನಾಬುಗಳು ಕೆಳಗೆ ಹಿಂದಕ್ಕೆ, ಬಾರಿಸುವ ಕೈಗೆ ತಾಗದಂತೆ. ಆಯ್ಕೆಯ ಸ್ವಿಚ್ಚು ಮಾತ್ರ ಮೇಲೆ, ಕತ್ತಿನ ಬುಡದಲ್ಲಿ. ಅದರ ಸುತ್ತ ‘ರಿದಮ್’, ‘ಟ್ರೆಬಲ್’ ಎಂದು ಬರೆದಿರುತ್ತದೆ. ಗಾಯಕನ ಹಿಂದೆ ತಗ್ಗಿದ ದನಿ, ತನ್ನ ಸರದಿ ಬಂದಾಗ ಏರಿದ ದನಿ: ಎರಡನ್ನೂ ಮೊದಲೇ ಹೊಂದಿಸಿಟ್ಟುಕೊಂಡು, ಹಾಡಿನ ಮಧ್ಯೆ ಒಂದೇ ಏಟಿಗೆ ಅತ್ತಿಂದಿತ್ತ ಹಾರಿಸಬಹುದು. ಇಲ್ಲಿ ಸುಖವೆಂದರೆ ನಾಬನ್ನು ಮುಟ್ಟದೇ ಇರುವುದು. ಒಂದು ವಾಲ್ಯೂಮನ್ನು ಸೊನ್ನೆಗಿಟ್ಟು ಸ್ವಿಚ್ಚನ್ನು ಪಟಪಟನೆ ಬಡಿದು ಸದ್ದನ್ನು ತುಂಡರಿಸುವ ಆಟವನ್ನು ವಾದಕರು ಆಮೇಲೆ ಕಂಡುಕೊಂಡರು. ಅದಕ್ಕೆಂದು ಗಿಬ್ಸನ್ ಆ ಸ್ವಿಚ್ಚನ್ನು ಅಲ್ಲಿಟ್ಟಿರಲಿಲ್ಲ.

ತಯಾರಕರು ಯೋಚಿಸಿರದಿದ್ದುದನ್ನು ಬೆರಳು ಹುಡುಕಿದ್ದಕ್ಕೆ ಇನ್ನೂ ಒಳ್ಳೆಯ ಉದಾಹರಣೆ ಸ್ಟ್ರಾಟೋಕಾಸ್ಟರಿನ ಸ್ವಿಚ್ಚೇ. ಮೂರು ಪಿಕಪ್ಪಿಗೆ ಮೂರು ನಿಲುಗಡೆ ಎಂದು ಅದನ್ನು ಮಾಡಿದ್ದರು. ಎರಡು ನಿಲುಗಡೆಗಳ ನಡುವೆ ಉಪಾಯವಾಗಿ ಸಿಕ್ಕಿಸಿ ನಿಲ್ಲಿಸಿದರೆ ಎರಡು ಪಿಕಪ್ಪುಗಳು ಕೂಡಿ ಒಂದು ಟೊಳ್ಳಾದ, ಗಾಜಿನಂಥ ದನಿ ಬರುತ್ತದೆಂದು ವಾದಕರು ಪತ್ತೆಹಚ್ಚಿದರು. ಸ್ವಿಚ್ಚು ಜಾರಿ ಪಕ್ಕಕ್ಕೆ ಬೀಳದಂತೆ ವರ್ಷಗಟ್ಟಲೆ ಒದ್ದಾಡಿದರು. ಕಂಪನಿ ಐದು ನಿಲುಗಡೆಯ ಸ್ವಿಚ್ಚು ಹಾಕಿದ್ದು 1977ರಲ್ಲಿ, ಇಪ್ಪತ್ತಮೂರು ವರ್ಷಗಳ ನಂತರ.

ಎಡಚರ ಪಾಡು ಇನ್ನೊಂದು. ಜಿಮಿ ಹೆಂಡ್ರಿಕ್ಸ್ ಬಲಗೈಯವರ ಸ್ಟ್ರಾಟೋಕಾಸ್ಟರನ್ನು ತಲೆಕೆಳಗು ಮಾಡಿ, ತಂತಿ ಬದಲಿಸಿ ನುಡಿಸುತ್ತಿದ್ದರು. 1969ರ ವುಡ್‌ಸ್ಟಾಕ್ ಉತ್ಸವದ ಚಿತ್ರ ನೋಡಿದರೆ ನಾಬುಗಳೆಲ್ಲ ಮೇಲ್ಗಡೆ, ಮುಂಗೈಯ ಅಡಿಯಲ್ಲಿ ಕಾಣುತ್ತವೆ. ಕಿರುಬೆರಳಿಗೆಂದು ಅಳೆದು ಇಟ್ಟದ್ದೆಲ್ಲ ಅಲ್ಲಿ ಸುಳ್ಳಾಯಿತು, ಸಂಗೀತ ಸುಳ್ಳಾಗಲಿಲ್ಲ. ಅನುಕೂಲವೇ ಎಲ್ಲ ಎಂದು ವಾದಿಸುವವರು ಈ ಚಿತ್ರವನ್ನು ಎದುರಿಗಿಟ್ಟುಕೊಳ್ಳುವುದು ಲೇಸು.

ಕಣ್ಣಿಲ್ಲದವರ ಕೈಗೆ ವಾದ್ಯ ಬಂದಾಗ ಜಾಗದ ಪ್ರಶ್ನೆ ಮತ್ತಷ್ಟು ಸ್ಪಷ್ಟವಾಗುತ್ತದೆ. ಈ ಮಾತಿಗೆ ಗದಗ ಜಿಲ್ಲೆಗಿಂತ ತಕ್ಕ ನೆಲವಿಲ್ಲ. ಪಂಚಾಕ್ಷರಿ ಗವಾಯಿಗಳು, ಅವರ ಶಿಷ್ಯ ಪುಟ್ಟರಾಜ ಗವಾಯಿಗಳು (1914–2010) ಇಬ್ಬರೂ ಅಂಧರು. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ತಲೆಮಾರುಗಳಿಂದ ಅಂಧ ಮಕ್ಕಳು ಪೇಟಿ, ತಬಲಾ, ಪಿಟೀಲು ಕಲಿಯುತ್ತಿದ್ದಾರೆ. ಪುಟ್ಟರಾಜರು ಹಾರ್ಮೋನಿಯಂ, ತಬಲಾ, ಸಾರಂಗಿ, ಪಿಟೀಲು ಎಂದು ಹಲವು ವಾದ್ಯ ನುಡಿಸುತ್ತಿದ್ದರು. ಪೇಟಿಯಲ್ಲಿ ಕರಿ ಮನೆಗಳು ಎರಡು, ಮೂರು, ಎರಡು, ಮೂರು ಎಂದು ಗುಂಪುಗುಂಪಾಗಿ ಎದ್ದು ನಿಂತಿರುವುದರಿಂದ ಸವರಿದರೆ ಸಾಕು, ಷಡ್ಜ ಎಲ್ಲಿದೆಯೆಂದು ಬೆರಳಿಗೆ ಗೊತ್ತಾಗುತ್ತದೆ. ಮುಂದಿನ ಸ್ಟಾಪರುಗಳೂ ಹಾಗೆಯೇ, ಎಡದಿಂದ ಎಷ್ಟನೆಯದು ಎಂಬ ಎಣಿಕೆಯೇ ಗುರುತು. ಈ ಅಳತೆಗೋಲು ಹಿಡಿದರೆ ಲೆಸ್ ಪಾಲಿನ ನಾಲ್ಕು ನಾಬುಗಳಿಗೆ ಅಂಕ ಕಡಿಮೆ: ಒಂದೇ ಗಾತ್ರ, ಒಂದೇ ರೂಪ, ಚೌಕದ ನಾಲ್ಕು ಮೂಲೆಯಲ್ಲಿ. ಕತ್ತಲ ವೇದಿಕೆಯಲ್ಲಿ ಕಣ್ಣಿದ್ದವರೂ ತಪ್ಪು ನಾಬು ತಿರುವುತ್ತಾರೆ. ಟೆಲಿಕಾಸ್ಟರಿನ ಸಾಲು ಈ ವಿಷಯದಲ್ಲಿ ಮೇಲು.

ಕೆನಡಾದ ಜೆಫ್ ಹೀಲಿ (1966–2008) ಕೂಸಾಗಿದ್ದಾಗಲೇ ಕ್ಯಾನ್ಸರಿನಿಂದ ಎರಡೂ ಕಣ್ಣು ಕಳೆದುಕೊಂಡವರು. ಗಿಟಾರ್ ಹೀಗೇ ಹಿಡಿಯಬೇಕೆಂದು ಕಂಡು ಕಲಿಯುವ ಪ್ರಮೇಯವೇ ಇರದ ಅವರು ಅದನ್ನು ತೊಡೆಯ ಮೇಲೆ ಅಂಗಾತ ಮಲಗಿಸಿ, ಎಡಗೈಯನ್ನು ಮೇಲಿನಿಂದ ಇಳಿಸಿ ನುಡಿಸಿದರು. ಆ ಭಂಗಿಯಲ್ಲಿ ನಾಬುಗಳೆಲ್ಲ ಆಕಾಶಕ್ಕೆ ಮುಖ ಮಾಡಿ ಅಂಗೈಯ ಆಸರೆಯಲ್ಲೇ ಇರುತ್ತವೆ. ಒತ್ತುವ ಎಡಗೈಗೂ ಹೆಬ್ಬೆರಳು ಸೇರಿ ಐದೂ ಬೆರಳು ದಕ್ಕುತ್ತವೆ.

ನಾಬಿನ ಜಾಗದ ತಕರಾರಿಗೆ 1960ರ ದಶಕದಲ್ಲಿ ಸಿಕ್ಕ ಇನ್ನೊಂದು ಉತ್ತರ ಕಾಲು. ವಾ-ವಾ ಪೆಡಲಿನ ಹೊಟ್ಟೆಯೊಳಗೆ ಇರುವುದೂ ಗಿಟಾರಿನ ನಾಬಿನ ಕೆಳಗಿರುವಂಥದೇ ಒಂದು ತಿರುಗುವ ಪೊಟೆನ್ಶಿಯೋಮೀಟರು. ಅದನ್ನು ಬೆರಳಿನ ಬದಲು ಹಿಮ್ಮಡಿ, ಮುಂಗಾಲು ತಿರುವುತ್ತವೆ. ವಾ-ವಾ ಎಂದು ಅಳುವ ಅದೇ ದನಿಯನ್ನು ರಾಯ್ ಬ್ಯುಕ್ಯಾನನ್ ಪೆಡಲಿಲ್ಲದೆ, ಟೆಲಿಕಾಸ್ಟರಿನ ಟೋನ್ ನಾಬನ್ನು ಕಿರುಬೆರಳಿನಲ್ಲಿ ತಿರುವುತ್ತ ತೆಗೆಯುತ್ತಿದ್ದರು. ಭಾರತಕ್ಕೆ ಬಂದ ಹಾರ್ಮೋನಿಯಂ ಕಾಲಿನ ಕೆಲಸವನ್ನು ಕೈಗೆ ಒಪ್ಪಿಸಿತು. ಅಮೆರಿಕದ ಗಿಟಾರು ಕೈಯ ಕೆಲಸವನ್ನು ಕಾಲಿಗೆ ದಾಟಿಸಿತು. ಅನೇಕ ವಾದಕರು ಈಗ ಗಿಟಾರಿನ ನಾಬನ್ನು ಪೂರ್ತಿ ಏರಿಸಿಟ್ಟು ಪೆಡಲನ್ನೇ ನಂಬುತ್ತಾರೆ. ಇದು ಸ್ವಲ್ಪ ಸೋಮಾರಿತನವೇ. ಆಂಪ್ಲಿಫೈಯರು ಒಡಕು ದನಿಗೆ ಹೊಂದಿಸಿದ್ದಾಗ ನಾಬನ್ನು ತುಸು ಇಳಿಸಿದರೆ ಸದ್ದು ತಗ್ಗುವುದಕ್ಕಿಂತ ಹೆಚ್ಚಾಗಿ ತಿಳಿಯಾಗುತ್ತದೆ. ಒಂದೇ ನಾಬಿನಲ್ಲಿ ಪಲ್ಲವಿಗೊಂದು ಬಣ್ಣ, ಚರಣಕ್ಕೊಂದು ಬಣ್ಣ ಸಿಗುತ್ತದೆ.

ನಮ್ಮ ಪೇಟೆಗಳಲ್ಲಿ ಕಡಿಮೆ ಬೆಲೆಗೆ ಸಿಗುವ ಎಲೆಕ್ಟ್ರಿಕ್ ಗಿಟಾರುಗಳಲ್ಲಿ ಹೆಚ್ಚಿನವು ಸ್ಟ್ರಾಟೋಕಾಸ್ಟರಿನ ಅಚ್ಚಿನವು. ಆದ್ದರಿಂದ ಲಕ್ಕಲಕಟ್ಟಿಯಿಂದ ಹುಬ್ಬಳ್ಳಿಗೆ ಹೋಗಿ ಮೊದಲ ಗಿಟಾರು ಕೊಳ್ಳುವ ಹುಡುಗನಿಗೋ ಹುಡುಗಿಗೋ ಈ ಹತ್ತಿರದ ನಾಬು ಎದುರಾಗುವ ಸಂಭವವೇ ಹೆಚ್ಚು. ಅಂಗಡಿಯಲ್ಲಿ ಸ್ಟೂಲಿನ ಮೇಲೆ ಕೂತು ನುಡಿಸಿ ನೋಡುವುದು ಸಾಲದು. ಕೂತಾಗ ಗಿಟಾರು ತೊಡೆಯ ಮೇಲೆ ಎತ್ತರದಲ್ಲಿರುತ್ತದೆ, ನಿಂತಾಗ ಪಟ್ಟಿಯ ಉದ್ದಕ್ಕೆ ತಕ್ಕಂತೆ ಕೆಳಗಿಳಿಯುತ್ತದೆ, ಮೊಣಕೈಯ ಕೋನ ಬದಲಾಗಿ ಕಿರುಬೆರಳು ಬೇರೆ ಕಡೆ ಬಂದು ಬೀಳುತ್ತದೆ. ಸಿನಿಮಾದ ನಾಯಕನಂತೆ ಗಿಟಾರನ್ನು ಮೊಣಕಾಲಿಗೆ ಇಳಿಬಿಟ್ಟರೆ ಮಣಿಕಟ್ಟು ಮುರಿದಂತೆ ಬಾಗುತ್ತದೆ. ಆಮೇಲೆ ನಾಬನ್ನು ಬೈದು ಉಪಯೋಗವಿಲ್ಲ. ರೋಣ, ನರಗುಂದದ ಎರೆಮಣ್ಣಿನ ಧೂಳಿನದು ಇನ್ನೊಂದು ಕಾಟ. ಅದು ಬೆವರಿನ ಜೊತೆ ಒಳಸೇರಿದರೆ ನಾಬು ತಿರುವಿದಾಗಲೆಲ್ಲ ಸ್ಪೀಕರಿನಲ್ಲಿ ಕರಕರ ಸದ್ದು ಬರುತ್ತದೆ. ರೇಡಿಯೋ ರಿಪೇರಿಯವರ ಬಳಿ ಇರುವ ಕಾಂಟ್ಯಾಕ್ಟ್ ಕ್ಲೀನರ್ ಒಂದು ಚಿಮುಕು ಹೊಡೆದು ನಾಲ್ಕಾರು ಸಲ ತಿರುವಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ.

ಅಷ್ಟಾದರೂ ಕೈ ತಾಗುತ್ತಲೇ ಇದ್ದರೆ ನಾಬಿನ ಟೊಪ್ಪಿಗೆಯನ್ನು ಗಿಡ್ಡನೆಯದಕ್ಕೆ ಬದಲಿಸುವುದು ಎಲ್ಲಕ್ಕಿಂತ ಅಗ್ಗದ ದಾರಿ. ಅದಕ್ಕೂ ಬಗ್ಗದಿದ್ದರೆ ಬೆಸುಗೆ ಬಲ್ಲವರಿಂದ ಒಳಗಿನ ತಂತಿ ಬದಲಿಸಿ, ನಡುವಿನ ಟೋನ್ ಇರುವ ಜಾಗಕ್ಕೆ ವಾಲ್ಯೂಮನ್ನು ಕರೆತರಬಹುದು. ಮುಂದಿನ ತೂತಿಗೆ ಬಿರಡೆ ಹಾಕಿದರಾಯಿತು. ಮರಕ್ಕೆ ಕೈ ಹಚ್ಚುವ ಅಗತ್ಯವಿಲ್ಲ. ಕೆಲವು ತಿಂಗಳ ಅಭ್ಯಾಸದ ನಂತರ ಜೆಫ್ ಬೆಕ್‌ರ ಕಿರುಬೆರಳಿನ ಹುಚ್ಚು ಹತ್ತಿದರೆ ಎಲ್ಲವನ್ನೂ ಮೊದಲಿದ್ದ ಜಾಗಕ್ಕೇ ತರಲು ಅರ್ಧ ತಾಸಿನ ಕೆಲಸ.